ಕೆಳಮನೆಯ ಬಡಿತ

ಬಾಗಿಲಲ್ಲೇ ಯಾಕೆ ನಿಂತೆ? ಒಳಗೆ ಬಾ. ಬೂಟು... ಬೂಟು ಆ ಚಾಪೆ ಮೇಲೆ ಬಿಡು, ಆನ್ಸೆಲ್ಮೊ! ನೀನು ಬಂದ ಶನಿವಾರದಿಂದ ಹೇಳ್ತಿದ್ದೀನಿ. ಹಿಮ ಕರಗಿ ನೆಲವೆಲ್ಲ ಒದ್ದೆಯಾಗುತ್ತೆ, ಆಮೇಲೆ ಒರೆಸೋಳು ನಾನು. ಹೂಂ, ಈಗ ಕೂತ್ಕೋ. ಕಾಫಿ ಆರಿದೆ, ಬಿಸಿ ಮಾಡ್ತೀನಿ.

ಪಾಪ, ಆ ಹುಡುಗಿ. ಹುಡುಗಿ ಏನು, ನಲವತ್ತು ದಾಟಿರಬೇಕು. ಆದರೂ ಕೆಳಮನೆ ಫ್ರಾವ್ ಲೈಟ್ನರ್ ಅವರಿಗೆ ತಮ್ಮವಳು ಅಂತ ಇದ್ದಿದ್ದು ಆ ಅಕ್ಕನ ಮಗಳೊಬ್ಬಳೇ. ನಿನ್ನೆ ಬುಧವಾರ ಬಾಗಿಲು ಒಡೆದು ನೋಡಿದಾಗಿನಿಂದ ಪಾಪ ನಿದ್ದೆ ಮಾಡಿಲ್ಲ ಅಂತ ಕಾಣುತ್ತೆ. ಅದಕ್ಕೇ ಮೆಟ್ಟಿಲ ಮೇಲೆ ನಮ್ಮನ್ನ ನಿಲ್ಲಿಸ್ಕೊಂಡು ಅಷ್ಟೆಲ್ಲ ಹೇಳಿದ್ದು. ಬಚ್ಚಲುಮನೆ, ಬಾಚಣಿಗೆ... ಅದನ್ನೆಲ್ಲ ಹೊರಗಿನವರ ಹತ್ತಿರ ಹೇಳ್ತಾರಾ? ದುಃಖದಲ್ಲಿರೋರಿಗೆ ಏನು ಹೇಳಬೇಕು, ಏನು ಬಿಡಬೇಕು ಅನ್ನೋದು ತಿಳಿಯಲ್ಲ. ತಪ್ಪಲ್ಲ. ತಪ್ಪು ಅಂತ ನಾನು ಅಂದಿಲ್ಲ.

ಏನದು, ಏನು ಹುಡುಕ್ತಿದ್ದೀಯಾ? ಬೇಡ, ಹೀಟರ್ ತಿರುಗಿಸಬೇಡ. ಬೇಡ ಅಂದೆ! ಕೋಟು ಹಾಕ್ಕೋ. ಎರಡು ದಿನ ಹೀಟರ್ ಇಲ್ಲದಿದ್ರೆ ಯಾರೂ ಸಾಯಲ್ಲ... ಥೂ. ಬಾಯಿಗೆ ಬಂದಿದ್ದನ್ನ ನೋಡು. ಆ ಟವೆಲ್ ಕೂಡ ಮುಟ್ಟಬೇಡ. ಕೊಳವೆಗೆ ನಾನೇ ಸುತ್ತಿದ್ದು. ಬಿಸಿನೀರು ಹರಿದಾಗ ಈ ಕೊಳವೆ ಟಕಟಕ ಅನ್ನುತ್ತೆ, ಓದೋಕೆ ಆಗಲ್ಲ. ಇಷ್ಟೇ. ಹಳೇ ಮನೆ, ಹಳೇ ಕೊಳವೆ, ಕೆಳಗಿಂದ ಮೇಲಿನವರೆಗೆ ಎಲ್ಲರ ಮನೆಗೂ ಒಂದೇ.

ನಿನಗೆ ಸಮಾಧಾನ ಆಗಬೇಕಿತ್ತಲ್ಲ ಈಗ? ಕೇಳಿದೆ ತಾನೇ, ಆಕೆ ಬಾಯಲ್ಲೇ? ಶನಿವಾರ ರಾತ್ರಿ ಫೋನಿನಲ್ಲಿ ಮಾತಾಡಿದಾಗ ಚಿಕ್ಕಮ್ಮ ಚೆನ್ನಾಗೇ ಇದ್ದರು ಅಂದಳಲ್ಲ. ಮೇಲ್ಮನೆಗೆ ಯಾರೋ ಗಂಡಸು ಬಂದಿದ್ದಾನೆ, ಎಮ್ಮೆ ಹಾಗೆ ಹಾಡ್ತಾನೆ ಅಂತ ಫೋನಿನಲ್ಲಿ ನಕ್ಕರಂತೆ. ಎಮ್ಮೆ! ನಾನಿದನ್ನ ಮದುವೆಯಾದ ಇಪ್ಪತ್ತೆರಡು ವರ್ಷದಿಂದ ಹೇಳ್ತಿದ್ದೀನಿ, ನೀನು ನಂಬಲಿಲ್ಲ... ನಗ್ತಿದ್ದೀಯಾ? ಇಲ್ವಾ. ತುಟಿ ಅಲುಗಿತು ಅಂದುಕೊಂಡೆ.

ಅಂದರೆ ನಿನ್ನ ಹಾಡಿಂದ ಏನೂ ಆಗಿಲ್ಲ. ನಿನ್ನೆಯಿಂದ ಅತ್ತೂ ಅತ್ತೂ ಕಣ್ಣು ಊದಿಸ್ಕೊಂಡಿದ್ದೀಯಲ್ಲ, 'ನಾನು ಹಾಡಿದೆ, ಅವರು ಬಡಿದರು, ನೋವಲ್ಲಿದ್ದು ಬಡಿದರೋ ಏನೋ, ನಾನು ನಕ್ಕೆ' ಅಂತ. ಚರ್ಚಿಗೆ ಹೋಗಿ ಪಾದ್ರಿಯ ಮುಂದೆ ಕೂಡ ಹೇಳ್ಕೊಂಡು ಬಂದೆ. ಅರ್ಧ ಇಂಗ್ಲಿಷು, ಅರ್ಧ ಕೈಸನ್ನೆ. ಶನಿವಾರದ ಬಡಿತ ಬರೀ ಎಮ್ಮೆಗೆ ಬಿದ್ದ ಏಟು, ಆನ್ಸೆಲ್ಮೊ. ಅದು ಈ ಮನೆಯ ಪದ್ಧತಿ. ಗಲಾಟೆ ಜಾಸ್ತಿ ಆದರೆ ಕೆಳಗಿನವರು ಕೊಳವೆಗೆ ಮೂರು ಸಲ ಬಡೀತಾರೆ, ಮೇಲಿನವರು ಸುಮ್ಮನಾಗ್ತಾರೆ. ಜಗಳ ಇಲ್ಲ, ಬೈಗುಳ ಇಲ್ಲ. ನಮ್ಮೂರು ಇಲೊಯ್ಲೊದಲ್ಲಾದರೆ ಬೀದಿಯ ಆಚೆಗಿನವರೂ ಬಂದು ಜೊತೆಗೆ ಹಾಡ್ತಿದ್ದರು. ಇಲ್ಲಿ ಮೂರು ಬಡಿತ. ಗಂಟಲಿನ ಆಪರೇಷನ್ ಆದಮೇಲೆ ಫ್ರಾವ್ ಲೈಟ್ನರ್ ಅವರಿಗೆ ಪಿಸುಮಾತು ಬಿಟ್ಟರೆ ಧ್ವನಿ ಇರಲಿಲ್ಲ, ಕೂಗೋದು ಹೇಗೆ? ಬಾಚಣಿಗೆ ಹಿಡಿಯಿಂದ ಬಡೀತಿದ್ದರು. ಟಕ್, ಟಕ್, ಟಕ್. ಅಳೆದ ಹಾಗೆ.

ನನಗೆ ಅದು ಇಷ್ಟವೇ ಆಗ್ತಿತ್ತು. ಶಿಸ್ತು ಅಂದರೆ ಶಿಸ್ತು. ನಾನು ಕಾನ್ವೆಂಟಿನಲ್ಲಿ ಹನ್ನೆರಡು ವರ್ಷ ಕಲಿತವಳು, ಒಂದು ದಿನವೂ ಒಬ್ಬ ಸಿಸ್ಟರ್ ಕೂಡ ನನ್ನ ಕಡೆ ಬೆರಳು ತೋರಿಸಿಲ್ಲ. ಈ ಮನೆಯಲ್ಲೂ ಹಾಗೇ. ಸೆಪ್ಟೆಂಬರಿನಲ್ಲಿ ಬಂದೆ, ಶನಿವಾರದವರೆಗೆ ಒಂದೇ ಒಂದು ಬಡಿತ ನನಗೆ ಬಿದ್ದಿರಲಿಲ್ಲ. ಐದು ತಿಂಗಳು! ಎದುರುಮನೆ ಹುಡುಗರಿಗೆ ವಾರಕ್ಕೆರಡು ಸಲ ಬೀಳ್ತಿತ್ತು. ಮೆಟ್ಟಿಲಲ್ಲಿ ಸಿಕ್ಕಾಗ ಅವರು ನನ್ನ ಕೈ ಹಿಡಿದು, 'ನಿಮ್ಮಂಥವರು ಬೇಕು ಫ್ರಾವ್ ಪೆರ್ಪೆತುವಾ' ಅಂತಿದ್ದರು. ನಲವತ್ತೇಳು ವರ್ಷದ ಹೆಂಗಸು, ಇಪ್ಪತ್ತರ ಮಕ್ಕಳ ಜೊತೆ ಕೂತು ಚರ್ಚಿನ ಆರ್ಗನ್ ನುಡಿಸೋದು ಕಲಿಯೋಕೆ ಬಂದಿದ್ದೀನಿ. ಯಾರೂ ಹಾಗೆ ಮಾತಾಡಿಸ್ತಿರಲಿಲ್ಲ ಇಲ್ಲಿ. ಅವರೊಬ್ಬರೇ.

ನೀನು ಬಂದ ದಿನವೇ ಆ ಒಣಮೀನು ಹುರಿದೆ. ಮೂರು ಮಹಡಿಯ ಕಿಟಕಿ ಫೆಬ್ರವರಿ ಚಳಿಯಲ್ಲಿ ತೆರೆದುಕೊಂಡವು. ಆಮೇಲೆ ಹಾಡು. ಆಮೇಲೆ ಬಡಿತ. ನನ್ನ ಮುಖ ನೋಡಬೇಕಿತ್ತು ನೀನು... ನೋಡಿದೆ ಅಲ್ವಾ. ನೋಡಿಯೇ ದಿಂಬಿಗೆ ಮುಖ ಒತ್ತಿ ನಕ್ಕೆ.

ಯಾಕೆ ಹಾಗೆ ನೋಡ್ತೀಯಾ? ನಾನು ನಿನ್ನ ಮೇಲೆ ಹಾಕ್ತಿಲ್ಲ. ನಿನ್ನೆ ಹಾಕಿದೆ, ಒಪ್ಪಿಕೊಳ್ತೀನಿ. 'ಹಾಡಬೇಡ ಅಂತ ನಾನು ಮೊದಲೇ ಹೇಳಿರಲಿಲ್ವಾ' ಅಂದೆ. ಗಾಬರಿಯಲ್ಲಿ ಅಂದ ಮಾತು. ನೀನು ಅಳ್ತಿದ್ದಾಗ ಅದು ನಿನ್ನಿಂದಲ್ಲ ಅಂತ ಹೇಳಬಹುದಿತ್ತು... ಹೇಳೋಕೆ ನನಗೇನು ಗೊತ್ತಿತ್ತು? ಬಿದ್ದಿದ್ದು ಯಾವಾಗ ಅಂತ ಇವತ್ತು ತಾನೇ ಗೊತ್ತಾಗಿದ್ದು.

ಭಾನುವಾರ ಮಧ್ಯಾಹ್ನ. ಹೌದು. ಹಾಗಂತ ಡಾಕ್ಟರು ಹೇಳಿದರಂತೆ. ಸೂಪು ಬಟ್ಟಲಿಗೆ ಹಾಕಿದ್ದು ಹಾಗೇ ಇತ್ತಂತೆ, ಚಮಚ ಮುಟ್ಟಿರಲಿಲ್ಲವಂತೆ. ತಲೆ ಬಾಚ್ಕೊಂಡು ಬಂದು ಊಟಕ್ಕೆ ಕೂರೋಣ ಅಂತ ಬಚ್ಚಲುಮನೆಗೆ ಹೋಗಿದ್ದಾರೆ, ಜಾರಿ ಬಿದ್ದಿದ್ದಾರೆ. ಸೊಂಟ ಮುರೀತು. ಜೀವ ಹೋಗಿದ್ದು ಸೋಮವಾರ ರಾತ್ರಿ.

ಸೋಮವಾರ ನಾವಿಲ್ಲಿ ಇರಲೇ ಇಲ್ಲ, ಆನ್ಸೆಲ್ಮೊ. ಬೆಳಗ್ಗೆ ಏಳಕ್ಕೇ ಬೆಟ್ಟದ ಮೇಲಿನ ಚರ್ಚು ನೋಡೋಕೆ ಹೊರಟ್ವಿ. ನೀನು ಊರಿಂದ ತಂದ ಒಣಮಾವಿನ ಪೊಟ್ಟಣ ಹಿಡ್ಕೊಂಡು ಅವರ ಬಾಗಿಲ ಮುಂದೆ ನಿಂತೆ. 'ಎಮ್ಮೆಯ ಕಡೆಯಿಂದ ಕ್ಷಮೆ ಅಂತ ಕೊಟ್ಟುಬರ್ತೀನಿ' ಅಂದೆ. ನಾನು ತಡೆದೆ. ಮೊದಲೇ ಹೇಳದೆ ಯಾರ ಬಾಗಿಲೂ ತಟ್ಟೋದು ಇಲ್ಲಿ ಮರ್ಯಾದೆ ಅಲ್ಲ, ಅದೂ ಬೆಳಗ್ಗೆ ಏಳಕ್ಕೆ, ಒಂದು ಚೀಟಿ ಬರೆದಿಟ್ಟು ಅವರಿಗೆ ಅನುಕೂಲವಾದ ಹೊತ್ತು ಕೇಳಬೇಕು ಅಂದೆ. ನೀನು ಪೊಟ್ಟಣ ಜೇಬಿಗಿಟ್ಟೆ. ನಾನು ಹೇಳಿದ್ದು ಸರಿಯೇ. ಇಲ್ಲಿ ಯಾರನ್ನ ಕೇಳಿದರೂ ಸರಿ ಅಂತಾರೆ.

ಏನಾದರೂ ಮಾತಾಡು. ಬೈಯಬೇಕಾದರೆ ಬೈ. ಮೆಟ್ಟಿಲ ಹತ್ತಿರದಿಂದ ಇಲ್ಲಿಯವರೆಗೆ ಒಂದು ಮಾತಿಲ್ಲ. ಊಟದ ಮಧ್ಯೆ ಬೆಕ್ಕಿನ ಜೊತೆ ಕೂಡ ಮಾತಾಡೋ ಮನುಷ್ಯ ನೀನು.

ಆಕೆ ಕೇಳಿದ್ದಕ್ಕಾ? 'ನಿಮಗೆ ಏನೂ ಕೇಳಿಸಲಿಲ್ಲವಾ' ಅಂದಳು. ನಾನು ಇಲ್ಲ ಅಂದೆ. ಮತ್ತೇನು ಹೇಳಲಿ? ಕೆಳಗೆ ಬಚ್ಚಲ ಕೊಳವೆಯ ಬಿಳಿ ಬಣ್ಣ ಒಂದು ಕಡೆ ಎದ್ದುಹೋಗಿದೆ, ಬಡಿದಿರಬೇಕು ಅಂದಳು. ಇರಬಹುದು. ಇಡೀ ಮನೆಯಲ್ಲಿ ಯಾರಿಗೂ ಕೇಳಿಸಿಲ್ಲವಂತೆ. ಎದುರಿನ ಹುಡುಗರು ರಜಕ್ಕೆ ಊರಿಗೆ ಹೋಗಿದ್ದಾರೆ, ಮೇಲಿನ ಮುದುಕಪ್ಪನಿಗೆ ಕಿವಿಯೇ ಇಲ್ಲ. ನಮಗೂ ಕೇಳಿಸಲಿಲ್ಲ. ಹಾಗಂದಿದ್ದಕ್ಕೆ ಆಕೆ ನನ್ನ ಎರಡೂ ಕೈ ಹಿಡ್ಕೊಂಡಳು. 'ಚಿಕ್ಕಮ್ಮನಿಗೆ ನಿಮ್ಮ ಮೇಲೆ ಬಹಳ ನಂಬಿಕೆ, ಬರೋ ಮಂಗಳವಾರ ಮಣ್ಣು ಮಾಡುವಾಗ ನೀವೇ ಆರ್ಗನ್ ನುಡಿಸಬೇಕು' ಅಂದಳು. ನಾನು ಆಗಲಿ ಅಂದೆ. ಆಗ ನೀನು ನನ್ನ ಕಡೆ ತಿರುಗಿ ನೋಡಿದೆ. ಆಗಿನಿಂದ ಹೀಗೇ ನೋಡ್ತಿದ್ದೀಯಾ.

ನೀನು ನಿದ್ದೆಯಲ್ಲಿದ್ದೆ, ಆನ್ಸೆಲ್ಮೊ. ಭಾನುವಾರ ಮಧ್ಯಾಹ್ನ ನೀನು ಈ ಹಾಸಿಗೆಯಲ್ಲಿ ಸತ್ತವನ ಹಾಗೆ ಮಲಗಿದ್ದೆ, ಇಲೊಯ್ಲೊದ ರಾತ್ರಿ ಇನ್ನೂ ನಿನ್ನ ಕಣ್ಣಲ್ಲಿತ್ತು. ನಿನಗೇನು ನೆನಪಿರುತ್ತೆ?

...ಮುಖ ನೋಡಿದರೆ ಗೊತ್ತಾಗುತ್ತೆ.

ನೆನಪಿದೆ ಅಲ್ವಾ. ಕಣ್ಣು ಬಿಟ್ಟೆ. 'ಏನದು ಶಬ್ದ' ಅಂದೆ. 'ಹೀಟರಿನ ಕೊಳವೆ, ಮಲ್ಕೋ' ಅಂತ ನಾನಂದೆ. ನೀನು ಮತ್ತೆ ಮಲಗಿದೆ. ಒಂದು ಸಲ. ಒಂದೇ ಸಲ ಕಣ್ಣು ಬಿಟ್ಟಿದ್ದು, ಅದನ್ನೇ ನೆನಪಿಟ್ಟುಕೊಂಡಿದ್ದೀಯಾ! ಕೊಳವೆ ಅಂತ ನಿಜವಾಗಿ ಅಂದುಕೊಂಡೇ ಹೇಳಿದೆ. ಬಿಸಿನೀರು ಬಂದಾಗ ಹಾಗೆ ಆಗುತ್ತೆ ಅಂತ ಈಗ ತಾನೇ ಹೇಳಿದ್ನಲ್ಲ...

ಹಾಗೆ ನೋಡಬೇಡ. ನನಗೆ ಗೊತ್ತು ನೀನೇನು ಯೋಚಿಸ್ತಿದ್ದೀಯಾ ಅಂತ. ಊರಲ್ಲಿ ತಾನು ಹಾಡಿಸೋ ನಲವತ್ತು ಹುಡುಗಿಯರ ಮೇಳದಲ್ಲಿ ಒಬ್ಬಳ ಶ್ರುತಿ ಕೂದಲೆಳೆಯಷ್ಟು ಜಾರಿದರೂ ಹೆಸರು ಹಿಡಿದು ನಿಲ್ಲಿಸೋಳು, ಇವಳಿಗೆ ನೀರಿನ ಸದ್ದು ಯಾವುದು, ಬಡಿತ ಯಾವುದು ಗೊತ್ತಾಗಲಿಲ್ವಾ. ಅದೇ ತಾನೇ? ಸರಿ. ಗೊತ್ತಾಯ್ತು. ಬಡಿತ ಅಂತ ಗೊತ್ತಾಯ್ತು. ಕೇಳು, ಪೂರ್ತಿ ಕೇಳು. ಭಾನುವಾರ ಮಧ್ಯಾಹ್ನ ಹನ್ನೆರಡರಿಂದ ಮೂರು ಇಲ್ಲಿ ಯಾರೂ ಉಸಿರೆತ್ತೋ ಹಾಗಿಲ್ಲ, ಕೆಳಗೆ ಬಾಗಿಲ ಹತ್ತಿರ ಬರೆದು ಹಾಕಿದ್ದಾರೆ. ನಾವು ಉಸಿರೆತ್ತಿರಲಿಲ್ಲ. ನೀನು ಮಲಗಿದ್ದೆ. ನಾನು ಪಕ್ಕದಲ್ಲಿ... ನನ್ನ ತಲೆ ನಿನ್ನ ತೋಳಿನ ಮೇಲಿತ್ತು. ಐದು ತಿಂಗಳಾಗಿತ್ತು. ನಾನು ಅಂಥದ್ದನ್ನೆಲ್ಲ ಬಾಯಿಬಿಟ್ಟು ಹೇಳೋಳಲ್ಲ, ನಿನಗೆ ಗೊತ್ತು. ಐದು ತಿಂಗಳು ಈ ಕಿರಿದಾದ ಹಾಸಿಗೆಯಲ್ಲಿ ಗೋಡೆ ಕಡೆ ತಿರುಗಿ ಮಲಗಿದ್ದೀನಿ. ಆವತ್ತು ಮಿಸುಕಾಡಿದರೆ ನಿನಗೆ ಎಚ್ಚರ ಆಗುತ್ತೆ ಅಂತ ಕಾಲು ಜೋಮು ಹಿಡಿದರೂ ಹಾಗೇ ಇದ್ದೆ.

ಆಗ ಬಡಿತ ಶುರುವಾಯ್ತು.

ನನಗೆ ಸಿಟ್ಟು ಬಂತು, ಮನಸ್ಸಲ್ಲೇ ಅಂದುಕೊಂಡೆ. ನಾವೇನು ಮಾಡಿದ್ದೀವಿ? ನಿನ್ನೆ ಹಾಡಿದ್ದು ನಿಜ, ಬಡಿದರು, ನಿಲ್ಲಿಸಿದ್ವಿ, ಮುಗೀತು. ಇವತ್ತು ಯಾಕೆ? ಗಂಡ ಬಂದಿದ್ದಾನೆ ಅಂತ ನಾನು ಬೀದಿ ಹೆಂಗಸಿನ ಥರ ಆಗಿಬಿಟ್ಟೆನಾ ಇವರ ಲೆಕ್ಕಕ್ಕೆ? ಪೆರ್ಪೆತುವಾ ಸುಮಗಾಯ್ಸಾಯ್‌ಗೆ, ತಪ್ಪಿಲ್ಲದ ತಪ್ಪಿಗೆ, ಎರಡು ದಿನದಲ್ಲಿ ಎರಡನೇ ಸಲ? ಮತ್ತೆ ಬಡಿದರು. ಮತ್ತೆ. ನೀನು ಆಗಲೇ ಕಣ್ಣು ಬಿಟ್ಟಿದ್ದು.

ಅದು ಮೂರಾಗಿರಲಿಲ್ಲ, ಆನ್ಸೆಲ್ಮೊ. ಎರಡು, ಆಮೇಲೆ ಒಂದು, ಆಮೇಲೆ ತುಂಬಾ ಹೊತ್ತು ಏನೂ ಇಲ್ಲ, ಆಮೇಲೆ ನಾಲ್ಕು, ಐದು... ತಾಳ ಇರಲಿಲ್ಲ. ಅವರು ಯಾವತ್ತೂ ಹಾಗೆ ಬಡಿದವರಲ್ಲ. ನನಗೆ ಕೇಳಿಸಿತು, ಇದು ಬೇರೆ ಅಂತ. ಕಿವಿಗೆ ಕೇಳಿಸಿತು, ಮನಸ್ಸು ಬೇಡ ಅಂತು. ಎದ್ದು ಕೆಳಗೆ ಹೋಗಬೇಕು, ಬಾಗಿಲು ತಟ್ಟಬೇಕು, ಏನೂ ಇಲ್ಲದಿದ್ದರೆ ಅವರೆದುರು ತಲೆ ತಗ್ಗಿಸಿ ನಿಲ್ಲಬೇಕು, ನೀನು ಎದ್ದುಬಿಡ್ತೀಯಾ... ಮೂವತ್ತು ಮೆಟ್ಟಿಲು.

ಇನ್ನೂ ಕಾಯ್ತಿದ್ದೀಯಾ. ಇಷ್ಟು ಹೇಳಿದರೂ ಸಾಲದಾ ನಿನಗೆ? ಕಾಫಿ ಕುಡಿ. ಕೈಯಲ್ಲಿ ಹಿಡ್ಕೊಂಡೇ ಕೂತಿದ್ದೀಯಾ, ಮತ್ತೆ ಆರುತ್ತೆ...

ನಿದ್ದೆಗಣ್ಣಲ್ಲಿ ಅದನ್ನೂ ಕೇಳಿಸಿಕೊಂಡೆಯಾ? ಹತ್ತಿರದ ಬಡಿತ? ಈ ಕೋಣೆಯೊಳಗಿನದು?

ನಾನೂ ಬಡಿದೆ, ಆನ್ಸೆಲ್ಮೊ. ಮಲಗಿದಲ್ಲಿಂದಲೇ ಕೊಳವೆಗೆ ಕೈ ಚಾಚಿದೆ. ಬೆರಳಲ್ಲಿ ನೀನು ಹಾಕಿದ ಉಂಗುರ ಇತ್ತು. ಟಕ್, ಟಕ್, ಟಕ್. ಅಳೆದ ಹಾಗೆ, ಅವರದೇ ರೀತಿ. ನಾವು ಸುಮ್ಮನಿದ್ದೀವಿ, ನೀವೂ ಸುಮ್ಮನಿರಿ ಅಂತ. ತಕ್ಷಣ ನಿಂತುಹೋಯ್ತು. ಆಮೇಲೆ ಒಂದೇ ಒಂದು ಸದ್ದಿಲ್ಲ. ಗೆದ್ದೆ ಅಂದುಕೊಂಡೆ. ನಿನ್ನ ತೋಳಿನ ಮೇಲೆ ತಲೆ ಇಟ್ಟು ನಿದ್ದೆ ಮಾಡಿದೆ... ಚೆನ್ನಾಗಿ ನಿದ್ದೆ ಬಂತು.

ಅವರು ಯಾಕೆ ನಿಲ್ಲಿಸಿದರು, ಹೇಳು? ನೆಲದ ಮೇಲೆ ಬಿದ್ದಿದ್ದಾರೆ, ಧ್ವನಿ ಇಲ್ಲ, ಬಾಚಣಿಗೆ ಹಿಡ್ಕೊಂಡು ಬಡೀತಿದ್ದಾರೆ, ಮೇಲಿಂದ ಉತ್ತರ ಬಂತು. ಅವರು ಏನಂದುಕೊಂಡಿರ್ತಾರೆ? ಮಾತಾಡು... ಬೇಡ, ಮಾತಾಡಬೇಡ.

ಕೇಳಿಸ್ಕೊಂಡಳು, ಬರ್ತಿದ್ದಾಳೆ ಅಂದುಕೊಂಡರು. ಇನ್ನು ಬಡಿಯೋದು ಯಾಕೆ ಅಂದುಕೊಂಡರು. ಸೋಮವಾರ ರಾತ್ರಿಯವರೆಗೆ ಅವರು ನನಗೆ ಕಾದರು, ಆನ್ಸೆಲ್ಮೊ.