ವಧು-ವರರ ಮಷೀನಿಗೆ ಬಿದ್ದ ತೂತು

...ಅಯ್ಯೋ, ಯಾಕೆ ನಗ್ತೀಯೆ ಕಾವ್ಯಶ್ರೀ? ಕಿತ್ತೆ, ಹೌದು, ಎಲ್ಲಾ ವೈರೂ ಕಿತ್ತೆ! ನೀನು ನ್ಯಾಮತಿಯಿಂದ ಫೋನ್ ಮಾಡಿ "ಶಾಂತಕ್ಕ, ಮೊದ್ಲು ಇಂಟರ್‌ನೆಟ್ ತೆಗೀರಿ, ಆಮೇಲೆ ಮಾತು" ಅಂತ ಕಿರುಚಿದ್ರೆ, ನಂಗೇನು ಗೊತ್ತು ಯಾವ್ದು ಇಂಟರ್‌ನೆಟ್ಟು, ಯಾವ್ದು ಫ್ಯಾನು ಅಂತ? ಟೇಬಲ್ ಕೆಳಗೆ ನುಗ್ಗಿ ಕೈಗೆ ಸಿಕ್ಕಿದ್ದೆಲ್ಲಾ ಎಳ್ದೆ. ಪಕ್ಕದ ಝೆರಾಕ್ಸ್ ಅಂಗಡಿ ಸುಬಾನಸಾಬ್ರು ಓಡಿ ಬಂದು "ಮೇಡಂ, ನನ್ನ ಮಷೀನ್ ಯಾಕೆ ನಿಂತೋತು?" ಅಂದಾಗ್ಲೇ ಗೊತ್ತಾಗಿದ್ದು, ಅವ್ರ ವೈರೂ ಸೇರ್ಸಿ ಕಿತ್ತಿದೀನಿ ಅಂತ!

ನಗು, ನಗು. ಕೆಲ್ಸ ಮಾಡ್ತಾ ನಗು. ಟೀ ಕುಡಿ, ಆರೋಗ್ತೈತೆ.

ಮದ್ವೆ ಬ್ಯೂರೋ ಅಂದ್ರೆ ಹುಡುಗಾಟನಾ? ನಾಲ್ಕು ತಾಲ್ಲೂಕಿನ ಹೆಣ್ಮಕ್ಕಳ ಫೋಟೊ, ಫೋನ್ ನಂಬ್ರು, ಮನೆ ವಿಳಾಸ... ನನ್ನ ನಂಬಿ ಕೊಟ್ಟಿರೋದು. ಮೊದ್ಲು ನಾನೇ ಒಬ್ಬೊಬ್ರಿಗೂ ಕಳಿಸ್ತಿದ್ದೆ. ನೀನು ಬಂದು ಈ ಆಟೊಮೇಷನ್ ಹಾಕ್ಕೊಟ್ಟೆ. ಹೊನ್ನಾಳಿ ಹುಡ್ಗಿ ಹೆಸ್ರು ಸೇರಿದ್ರೆ ಸಾಕು, ಹೊಂದೋ ಗಂಡಿನ ಮನೆಗೆ ತಂತಾನೇ ವಾಟ್ಸಾಪ್ ಹೋಗೋದು. ಪರದೆ ಮೇಲೆ ಒಂದು ಡಬ್ಬಿ, ಅದಕ್ಕೊಂದು ಗೆರೆ, ಗೆರೆ ತುದಿಗೆ ಇನ್ನೊಂದು ಡಬ್ಬಿ... ರಂಗೋಲಿ ಹಾಕ್ದಂಗೆ! ನಂಗೆ ಅದ್ರ ತಲೆಬುಡ ತಿಳಿಯಲ್ಲ ಬಿಡು. ಆ ಸಾಫ್ಟ್‌ವೇರಿಗೇ ತೂತು ಬಿದ್ದೈತೆ, ಪಾಸ್‌ವರ್ಡ್ ಇಲ್ದೇನೇ ಯಾರು ಬೇಕಾದ್ರೂ ಒಳಗೆ ನುಗ್ಬೋದು ಅಂದ್ರೆ... ಹೆಂಗಾಗ್ಬ್ಯಾಡ?

ಏನಂದೆ? ಎಲ್ಲಾರಿಗೂ ಯಾಕೆ ಹೇಳಾಕೆ ಹೋದ್ರಿ ಅಂತಾನಾ? ಮತ್ತೆ! ನೀನು ಬಂದು, ಹೊಸಾದು ಹಾಕಿ, ಪಾಸ್‌ವರ್ಡ್ ಎಲ್ಲಾ ಬದ್ಲಾಯಿಸೋವರ್ಗೂ ನಾನು ಬಾಯಿ ಮುಚ್ಕಂಡು ಕೂರ್ಲಾ? ಒಂದೊಂದು ಮನೆಗೂ ಫೋನ್ ಮಾಡ್ದೆ. "ನೋಡ್ರಿ, ಹಿಂಗಾಗೈತೆ. ಯಾರಾದ್ರೂ ಒಳಗೆ ಬಂದಿದಾರೋ ಇಲ್ವೋ ಇನ್ನೂ ಗೊತ್ತಿಲ್ಲ. ನಮ್ಮ ಬ್ಯೂರೋ ಹೆಸ್ರು ಹೇಳಿ ಯಾರಾದ್ರೂ ದುಡ್ಡು ಕೇಳಿದ್ರೆ, ಹುಡ್ಗಿ ಜೊತೆ ಮಾತಾಡ್ಬೇಕು ಅಂದ್ರೆ, ಫೋನ್ ಇಟ್ಟು ನಂಗೆ ತಿಳಿಸ್ರಿ" ಅಂದೆ. ಬೈದೋರು ಬೈದ್ರು. ಹೊನ್ನಾಳಿ ರಹಮತ್‌ಬೀ ಅಂತೂ "ನನ್ನ ರುಹೀನಾ ಫೋಟೊ ಯಾರ ಕೈಗೆ ಸಿಕ್ತೋ" ಅಂತ ಅತ್ತೇಬಿಟ್ರು. ಆಗ ನಂಗೂ ನಗು ಬರ್ಲಿಲ್ಲ ಕಣೆ. ಬೈಸ್ಕಂಡೆ. ಬೈಬೇಕಾದ್ದೇ.

ಬಿಳಿಚೋಡಿನ ಒಂದು ಮನೇರು ಫೋನೇ ಎತ್ಲಿಲ್ಲ. ಹುಡ್ಗಿ ಮನೆ, ಬಿಡಾಕಾಗುತ್ತಾ? ಅವತ್ತು ಓಂಕಾರಪ್ಪನವ್ರು ಇಲ್ಲೇ ಕೂತಿದ್ರು... ಅದೇ ಕಣೆ, ಗೋವಿನಕೋವಿ ಮೇಷ್ಟ್ರು, ಹೆಂಡ್ತಿ ಹೋದ್ಮೇಲೆ ನಮ್ಮಲ್ಲಿ ಹೆಸ್ರು ಬರ್ಸಿದಾರಲ್ಲ. "ಕಾರ್ ಐತೆ, ನಡೀರಿ, ಹೋಗಿ ಹೇಳಿ ಬರಾಣ" ಅಂದ್ರು. ಹೋದ್ವಿ.

ಏನು? ಯಾವಾಗ ನೋಡಿದ್ರೂ ಇಲ್ಲೇ ಇರ್ತಾರಾ? ಏ, ಹೆಸ್ರು ಬರ್ಸಿದ್ಮೇಲೆ ಬರ್ತಾರಪ್ಪ! ಯಾವ್ದಾದ್ರೂ ಸಂಬಂಧ ಬಂತಾ ಅಂತ ಕೇಳಾಕೆ!

ಕೇಳಿಲ್ಲಿ. ಬಿಳಿಚೋಡಲ್ಲಿ ಹುಡ್ಗಿ ಅಜ್ಜಿ ಇದಾರೆ, ಅಂತರಘಟ್ಟಮ್ಮ ಅಂತ. ನಮ್ಮಿಬ್ರನ್ನೂ ಬಾಗ್ಲಲ್ಲಿ ನೋಡಿದ್ದೇ ತಡ, "ಗಂಡಿನ ಅಪ್ಪ-ಅಮ್ಮ ಬಂದ್ರು!" ಅಂತ ಒಳಗೆ ಕೂಗಿದ್ರು. ಚಾಪೆ ಹಾಸಿದ್ದೇನು, ಮಂಡಕ್ಕಿ ಕಲ್ಸಿದ್ದೇನು, ಬಿಸಿ ಬಿಸಿ ಮೆಣಸಿನಕಾಯಿ ಕರ್ದು ತಂದಿದ್ದೇನು! ಬಾಯಿ ಬಿಡಾಕೆ ಬಿಟ್ರೆ ತಾನೆ? ತಿಂದಾದ್ಮೇಲೆ ಎಲ್ಲಾ ಹೇಳಿದ್ವಿ. ತೂತಿನ ವಿಷ್ಯ ಹೇಳಿದ್ವಿ, ಹುಷಾರಾಗಿರ್ರಿ ಅಂತ ಹೇಳಿದ್ವಿ. ನಾವು ಗಂಡ-ಹೆಂಡ್ತಿ ಅಲ್ಲ ಅನ್ನೋದು... ಅದೊಂದು ಹೇಳಾಕೆ ನಂಗೆ ಮರ್ತೇ ಹೋಯ್ತು. ಮೇಷ್ಟ್ರೂ ಹೇಳ್ಲಿಲ್ಲ.

ಯಾಕೆ ಹಂಗೆ ಹುಬ್ಬು ಹಾರಿಸ್ತೀಯ? ಮರ್ತೋಯ್ತು ಅಂದ್ನಲ್ಲ! ನೀನು ಪರದೆ ನೋಡು.

ಹೆಂಗೈತೆ? ಹೊರಗಿಂದ ಯಾರೂ ಬಂದಂಗೆ ಕಾಣಲ್ವಾ? ಅಪ್ಪಾ ದೇವ್ರೆ, ಬದುಕ್ದೆ! ಇನ್ನು ಡಬ್ಬಿಗಳನ್ನ ಒಂದ್ಸಲ ನೋಡ್ಬಿಟ್ರೆ ಮುಗೀತಾ? ಡಬ್ಬಿಗಳನ್ನಾ... ಅದು ಯಾಕೆ ಬಿಡು, ನೀನೇ ಹಾಕಿರೋವು. ಊಟಕ್ಕೆ ಹೋಗಾಣ ನಡಿ.

ಯಾಕೆ ನಿಂತೆ? ಮುಖ ಯಾಕೆ ಹಂಗಾಯ್ತು? ಒಂದು ಡಬ್ಬಿ ಜಾಸ್ತಿ ಐತಾ? ಇದ್ರೆ ಇರ್ಲಿ, ಮುಂದಕ್ಕೆ ಹೋಗು. ಏ, ಅದನ್ನ ಒತ್ಬ್ಯಾಡ... "ಓಂಕಾರಪ್ಪ ಅಂತ ಬಂದ್ರೆ ಯಾವ ಹೆಣ್ಣಿನ ಮನೆಗೂ ಕಳಿಸ್ಬ್ಯಾಡ"... ಹ್ಞಾಂ? ಹಂಗಂತ ಹಾಕೈತಾ? ಇದೊಳ್ಳೆ ಸೋಜಿಗ!

ಏನು, ಒಳಗೆ ನುಗ್ಗಿದೋರೇ ಹಾಕಿರ್ಬೇಕಾ? ಪೊಲೀಸ್ರಿಗೆ ಹೇಳ್ಬೇಕಾ? ಮತ್ತೆ ಎಲ್ಲಾ ಮನೆಗೂ ಫೋನ್ ಮಾಡಿ "ಕಳ್ಳ ಬಂದಿದ್ದು ನಿಜ" ಅನ್ಬೇಕಾ? ರಹಮತ್‌ಬೀಗೂ?... ಇರು. ಇರು ಕಾವ್ಯ, ಆ ಫೋನ್ ಕೆಳಗಿಡು. ಯಾರೂ ಬಂದಿಲ್ಲ.

ಹೆಂಗೆ ಹೇಳ್ತೀನಿ ಅಂದ್ರೆ... ಗೊತ್ತು ಕಣೆ. ಗೊತ್ತು ಅಷ್ಟೆ.

ಇಷ್ಟೊತ್ತು ಕಿಸಿಕಿಸಿ ನಗ್ತಿದ್ದೆ, ಈಗ ನಗು! ಹಂಗೆ ನೋಡ್ತಾ ಕೂತ್ರೆ ನಾನೇನು ಮಾಡ್ಲಿ?

ನೀನು ಡಬ್ಬಿ ಎಳ್ದು ಎಳ್ದು ಇಡೋದನ್ನ ನೋಡ್ತಾ ನೋಡ್ತಾ ಕಲ್ತ್ಕಂಡೆ. ಅಷ್ಟೇನೂ ಕಷ್ಟ ಇಲ್ಲ ಬಿಡು. ಮೇಷ್ಟ್ರು ಬರೋರು, "ಏನಾದ್ರೂ ಬಂತಾ ಮೇಡಂ?" ಅನ್ನೋರು. "ಇಲ್ಲ ಸರ್" ಅಂತಿದ್ದೆ. "ಪರ್ವಾಗಿಲ್ಲ ಬಿಡ್ರಿ" ಅಂತ ಖುಷಿಯಾಗೇ ಕೂತು ಟೀ ಕುಡಿಯೋರು. ಬೇರೆ ಬ್ಯೂರೋಗೆ ಹೋಗ್ಬೋದಿತ್ತಲ್ವಾ? ಹೋಗ್ಲಿಲ್ಲ. ನಮ್ಮನೆಯವ್ರು ತೀರ್ಕಂಡ ಮೇಲೆ ಊರೋರ ಮಕ್ಳಿಗೆಲ್ಲಾ ಜೋಡಿ ಹುಡುಕ್ದೆ ಕಣೆ. ನಂಗೂ ಒಂದು ಮನ್ಸು ಐತಾ ಅಂತ ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ...

ಸರಿ. ಅಳಿಸ್ಬಿಡು ಆ ಡಬ್ಬೀನ. ಅವ್ರಿಗೂ ಸಂಬಂಧ ಹೋಗ್ಲಿ, ನೋಡ್ಲಿ, ಅವ್ರಿಗೆ ಬೇಕಾದ್ದು ಆರಿಸ್ಕೊಳ್ಳಿ. ಆದ್ರೆ ಮೊದ್ಲು ಯಾವ್ದು ಹೋಗ್ಬೇಕು ಅಂತ ನಾನು ಹೇಳ್ತೀನಿ. ಹೊಸ ಹೆಸ್ರು ಸೇರಿಸು. ಶಾಂತಾದೇವಿ, ಚನ್ನಗಿರಿ... ಹ್ಞೂಂ, ನಾನೇ! ವಯಸ್ಸು? ವಯಸ್ಸು ಆಮೇಲೆ ಹಾಕೀವಂತೆ. ಫೋಟೊ... ಹೋಗ್ಲಿ, ಎಲ್ಲಾರ ಫೋಟೊನೂ ಐತೆ, ನಂದೇ ಇಲ್ಲ ನೋಡು! ತಗಾ ನಿನ್ನ ಫೋನು. ಆ ಕಿಟಕಿ ಹತ್ರ ನಿಲ್ತೀನಿ, ಬೆಳಕು ಚೆನ್ನಾಗೈತೆ. ಸೆರಗು ಸರಿ ಐತಾ? ಏ, ನಗ್ಬ್ಯಾಡ ಕಣೆ, ಫೋನ್ ಅಲ್ಲಾಡ್ತೈತೆ... ನೆಟ್ಟಗೆ ತೆಗಿ!