ಗುಬ್ಬಿಯ ಚಳಿ

ನಗುವವರು ಈಗಲೇ ನಕ್ಕುಬಿಡಿ, ಆಮೇಲೆ ನಗು ಬರುವುದಿಲ್ಲ. ಇದು ಅವರಿವರ ಬಾಯಿಂದ ಕೇಳಿದ್ದಲ್ಲ. ನಮ್ಮ ದೊಡ್ಡಮ್ಮನ ಮಗಳಿಗೇ ಆದದ್ದು.

ಆ ರಾತ್ರಿ ಅಕ್ಕ ಲ್ಯಾಬಿನಿಂದ ತಡವಾಗಿ ಹೊರಟಿದ್ದಳು. ಹಿಂದಿನ ಓಣಿಯಲ್ಲಿ ಹಲಗೆ ಮುಚ್ಚಿದ ಒಂದು ಪಾಳುಬಾವಿ. ಅದರ ಹತ್ತಿರ ಬಂದಾಗ ಕೇಳಿಸಿತು... ಕಟಕಟ... ಕಟಕಟಕಟ...

ಚಳಿಗೆ ಹಲ್ಲಿಗೆ ಹಲ್ಲು ಬಡಿಯುವ ಸದ್ದು.

ಎಷ್ಟೋ ವರ್ಷದ ಹಿಂದೆ ಅವಳ ತಮ್ಮ ಗುಬ್ಬಿ ಚಳಿಜ್ವರದಲ್ಲಿ ಮಲಗಿದ್ದಾಗ ಮನೆಯೆಲ್ಲ ಕೇಳಿದ ಸದ್ದು ಅದು. "ಬೆವರು ಬಂದ್ರೆ ಮಗು ಗೆದ್ದ" ಅನ್ನುತ್ತ ದೊಡ್ಡಮ್ಮ ಬೆಳತನಕ ಅವನ ಹಣೆ ಮುಟ್ಟಿ ನೋಡುತ್ತಲೇ ಇದ್ದಳು. ಬೆವರು ಬರಲೇ ಇಲ್ಲ.

ಯಾವ ಔಷಧಿಗೂ ಬಗ್ಗದ ಆ ಜ್ವರದ ಪರೋಪಜೀವಿಯನ್ನು ಅವನ ರಕ್ತದಿಂದಲೇ ತೆಗೆದು ಲ್ಯಾಬಿನಲ್ಲಿ ಜೀವಂತ ಇಟ್ಟಿದ್ದರು. ಓದು ಮುಗಿಸಿ ಅಕ್ಕ ಅಲ್ಲಿಗೇ ಸೇರಿದಳು. ತಮ್ಮನನ್ನು ತಿಂದದ್ದಕ್ಕೆ ತಾನೇ ಹೊಸ ರಕ್ತ ಉಣಿಸಿ ಸಾಕಿದಳು. ಹಾವಿಗೆ ಹಾಲೆರೆಯುವ ಕೆಲಸ ಅಂತ ನಾವೆಲ್ಲ ಆಡಿಕೊಂಡೆವು, ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಅದು ಯಾವ ಪ್ರೋಟೀನಿನಿಂದ ರಕ್ತಕಣವನ್ನು ಕಚ್ಚಿ ಹಿಡಿಯುತ್ತದೋ ಆ ಪ್ರೋಟೀನನ್ನು ಹರಳುಗಟ್ಟಿಸಿ, ಎಕ್ಸ್‌ರೇ ಹಾಯಿಸಿ, ಆಕಾರ ಕಂಡುಹಿಡಿದಳು. ಕೊಕ್ಕೆಯಂಥದ್ದು. ಬುಡದಲ್ಲೊಂದು ಸಂದು. ಆ ಸಂದಿಗೆ ಬೆಣೆಯ ಹಾಗೆ ಕೂರುವ ಔಷಧಿಯನ್ನು ಅದೇ ಸಂಜೆ ಆ ಜೀವಿ ಇದ್ದ ಸೀಸೆಗೆ ಹಾಕಿ ಬಂದಿದ್ದಳು. ಲ್ಯಾಬಿನವರಿಗೆ ಆ ಸೀಸೆ ಒಂದು ನಂಬರು. ಅವಳಿಗೆ ಗುಬ್ಬಿಯ ಸೀಸೆ.

ಬೆಳಗಾಗುವುದರೊಳಗೆ ಆ ಪರೋಪಜೀವಿ ಸಾಯಬೇಕು. ಸತ್ತರೆ ಎಷ್ಟೋ ಮನೆಯ ಮಕ್ಕಳು ಉಳಿಯುತ್ತವೆ. ಆದರೆ ಗುಬ್ಬಿಯದು ಅಂತ ಈ ಲೋಕದಲ್ಲಿ ಜೀವಂತ ಉಳಿದದ್ದೂ ಅದೊಂದೇ.

ಸದ್ದು ಬಾವಿಯದಲ್ಲ, ಲ್ಯಾಬಿನ ಕಡೆಯಿಂದ ಬರುತ್ತಿತ್ತು. ಅಕ್ಕ ತಿರುಗಿ ಅಲ್ಲಿಗೆ ಓಡಿದಳು. ಬಾಗಿಲಲ್ಲಿ ಕಾವಲಿನ ಮುದುಕ ನಿಂತಿದ್ದ.

"ಒಳಗೆ ಯಾರಮ್ಮಾ?" ಪಿಸುಗುಟ್ಟಿದ.

"ಯಾರೂ ಇಲ್ಲ ಮಾಮ."

"ಮತ್ತೆ... ಹಲ್ಲು ಕಟಕಟ ಅಂತಿರೋದು ಯಾರದು?"

ಸೀಸೆ ಇಡುವ ಪೆಟ್ಟಿಗೆ ಮೈಬಿಸಿಯಷ್ಟೇ ಬೆಚ್ಚಗಿತ್ತು. ಮೋಟರು ಗುಂಯ್ ಎನ್ನುತ್ತಿತ್ತು. ಅದರ ನಡುವೆ ಕಟಕಟ... ಆಮೇಲೆ...

"ಅಕ್ಕಾ... ಚಳಿ."

ಔಷಧಿ ತೊಳೆದು ಹೊಸ ರಕ್ತ ಹಾಕಿದ್ದರೆ ಉಳಿದುಬಿಡುತ್ತಿತ್ತು. ಫ್ರಿಜ್ಜಿನಿಂದ ರಕ್ತದ ಚೀಲ ತೆಗೆದಳು ಕೂಡ. ತುಂಬ ಹೊತ್ತು ಹಿಡಿದು ನಿಂತಳು... ಮತ್ತೆ ಒಳಗಿಟ್ಟಳು. ಮೊಳೆಗೆ ನೇತುಹಾಕಿದ್ದ, ಒಗೆದು ಒಣಗಿಸಿದ್ದ ತನ್ನ ಬಿಳಿ ಕೋಟು ತಂದು ಪೆಟ್ಟಿಗೆಯೊಳಗೆ ಸೀಸೆಗೆ ಹೊದಿಸಿದಳು. ಆ ಕೆಲಸ ಬಲ್ಲವರು ಯಾರೂ ಹಾಗೆ ಮಾಡುವುದಿಲ್ಲ.

"ಇನ್ನೊಂದು ಸ್ವಲ್ಪ ಹೊತ್ತು ಕಣೋ. ಬೆವರು ಬರುತ್ತೆ. ಮಲಕ್ಕೋ."

ಅಳುತ್ತ ಅಲ್ಲೇ ಕೂತಳು. ಕಟಕಟ... ಕಟ... ಕಟ...

ನಿಂತಿತು.

ಬೆಳಗ್ಗೆ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದೂ ಬದುಕಿರಲಿಲ್ಲ. ಸೀಸೆಯ ಮುಚ್ಚಳ ಬಿಗಿಯಾಗಿತ್ತು, ಹನಿಯೂ ಸೋರಿರಲಿಲ್ಲ. ಕೋಟು ಮಾತ್ರ ಹಿಂಡಿದರೆ ನೀರು ಬರುವಷ್ಟು ಒದ್ದೆ.

ಮನೆಗೆ ತಂದಳು. ದೊಡ್ಡಮ್ಮ ಮೂಸಿ ನೋಡಿದಳು. ಎದೆಗೊತ್ತಿಕೊಂಡು ಕೂತುಬಿಟ್ಟಳು.

ನಂಬದಿದ್ದರೆ ಬಿಡಿ. ಆ ಮಧ್ಯಾಹ್ನ ಸುಡುಬಿಸಿಲಲ್ಲಿ ಹಗ್ಗದ ಮೇಲಿದ್ದ ಕೋಟನ್ನು ನಾನೇ ಮುಟ್ಟಿದ್ದೇನೆ. ಕೊರಳಪಟ್ಟಿ ಇನ್ನೂ ಹಸಿಯಾಗಿತ್ತು. ಬೆರಳನ್ನು ನಾಲಿಗೆಗೆ ತಾಗಿಸಿದೆ... ಉಪ್ಪುಪ್ಪು.