ಮೊದಲಿಗೇ ಕಾಣುವ ಫೋಟೋ

ಅಮೀನಗಡದಲ್ಲಿ ಇಳಕಲ್ ಬಸ್ಸಿಗೆ ಕಾಯುತ್ತಿದ್ದ ಯಮನವ್ವನ ಪಕ್ಕ, ಇಳಕಲ್ಲಿನ ಸೀರೆ ಅಂಗಡಿಯ ಮಾಲೀಕನೊಬ್ಬ ತನ್ನಲ್ಲಿ ಕೆಲಸಕ್ಕಿದ್ದ ಹೆಣ್ಣುಮಗಳಿಗೆ ಹಿಗ್ಗಿನಿಂದ ಹೇಳುತ್ತಿದ್ದ.

"ಶ್ರುತಿ, ಇಂಟರ್ನೆಟ್ಟಿನ್ಯಾಗ ಇಳಕಲ್ ಸೀರಿ ಅಂತ ಹುಡುಕಿದ್ರ ಈಗ ನಮ್ಮ ವೆಬ್‌ಸೈಟೇ ಎಲ್ಲಾದಕ್ಕಿಂತ ಮೊದಲ ಬರ್ತೈತಿ."

"ಅದರಾಗ ನನ್ನ ಫೋಟೋ ಐತೇನ್ರಿ, ಅಣ್ಣಾರ?"

"ಮ್ಯಾಲೇ ಐತಿ."

"ತೆಗಸ್ರಿ! ನನ್ನ ಗಂಡ ಸೊಲ್ಲಾಪುರದಾಗ ಸೀರಿ ಮಾರ್ತಾನ್ರಿ, ದಿನಾ ಇದನ್ನೆಲ್ಲಾ ನೋಡ್ತಾನ. ನಾ ಅವನ ಕೈಯಾಗಿಂದ ಜೀವ ಉಳಿಸ್ಕೊಂಡು ಓಡಿ ಬಂದಾಕಿ."

ಮಾಲೀಕನ ದನಿ ಇಳಿಯಿತು. "ಮುಂಜಾನೆ ಒಬ್ಬಾಂವ ಫೋನ್ ಮಾಡಿದ್ದ. ಫೋಟೋದಾಗಿನಾಕಿ ನಿಮ್ಮಂಗಡ್ಯಾಗ ಅದಾಳೇನು ಅಂದ."

"ನೀವೇನಂದ್ರಿ?"

"ಅದಾಳ, ಬರ್ರಿ ಅಂದೆ."

ಯಮನವ್ವ ತಿರುಗಿ ಶ್ರುತಿಯತ್ತ ನೋಡಿದಳು. ಇಳಕಲ್ ಬಸ್ಸು ಬಂದು ನಿಂತಿತು. ಶ್ರುತಿ ಅದನ್ನು ಹತ್ತದೆ, ರಸ್ತೆ ದಾಟಿ ಬಾಗಲಕೋಟೆ ಬಸ್ಸಿನತ್ತ ಓಡಿದಳು.